ಬಚ್ಚಲ ಒಲೆಯ ಕಾಲ

ಮಲೆನಾಡಿನ ಮನೆಗಳಿಗೆ ಚಳಿಗಾಲ ಬರುವುದು ಬಚ್ಚಲುಮನೆಯ ಬಾಗಿಲಿನಿಂದ. ದೀಪಾವಳಿಯ ಬೂರೆ ಹಬ್ಬದ ಸಂಜೆ ಹಂಡೆಯ ಕಂಠವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಾಮ್ರದ ಬಣ್ಣ ಬರಿಸುತ್ತೇವೆ. ಶೇಡಿ, ಕೆಮ್ಮಣ್ಣಿನ ಗೆರೆ ಎಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತೇವೆ. ಮಾರನೆಯ ದಿನ ಕತ್ತಲಲ್ಲೇ ಎಣ್ಣೆಸ್ನಾನ. ಅಲ್ಲಿಂದ ಮುಂದೆ ಶಿವರಾತ್ರಿ ಹತ್ತಿರ ಬರುವವರೆಗೂ ಆ ಒಲೆ ಪೂರ್ತಿ ಆರುವುದಿಲ್ಲ. ಮಳೆಗಾಲದಲ್ಲೂ ಅದು ಉರಿಯುತ್ತದೆ ನಿಜ, ಆದರೆ ಆಗ ಅದರದು ಬಟ್ಟೆ ಒಣಗಿಸುವ, ಹೊಗೆ ಉಗುಳುವ, ಕಣ್ಣುರಿಸುವ ಅವತಾರ. ಕಾರ್ತಿಕ ಕಳೆದ ಮೇಲೆ ಕಟ್ಟಿಗೆ ಗರಿಗರಿ ಒಣಗಿರುತ್ತದೆ. ತೆಂಗಿನ ಹೆಡೆಯ ಎರಡು ತುಂಡು ಇಟ್ಟು ಊದಿದರೆ ಸಾಕು, ಬೆಂಕಿ ತಾನಾಗಿ ಎದ್ದು ನಿಲ್ಲುತ್ತದೆ. ರಾತ್ರಿ ಮಲಗುವಾಗ ಒಂದು ದೊಡ್ಡ ಕುಂಟೆಯನ್ನು ಒಳಕ್ಕೆ ತಳ್ಳಿಟ್ಟರೆ ಬೆಳಗಿನವರೆಗೂ ಕೆಂಡ ಇರುತ್ತದೆ.

ನಮ್ಮ ಸಿದ್ದಾಪುರ, ಸಾಗರದ ಕಡೆ ಊರು ಕೂತಿರುವ ರೀತಿಯಲ್ಲೇ ಈ ಚಳಿಯ ಗುಟ್ಟಿದೆ. ಅಡಿಕೆ ತೋಟ ಕಣಿವೆಯಲ್ಲಿ, ಹಳ್ಳದ ಪಕ್ಕ. ಅದರ ಮೇಲಿನ ದಿಬ್ಬದಲ್ಲಿ ಮನೆ. ಮನೆಗಿಂತ ಮೇಲೆ ಬೆಟ್ಟ. ಮೋಡವಿಲ್ಲದ ರಾತ್ರಿ ನೆಲ ಬೇಗ ಬಿಸಿ ಕಳೆದುಕೊಳ್ಳುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಬೆಟ್ಟದಿಂದ ಇಳಿದು ಬಂದು ತೋಟದಲ್ಲಿ ನಿಂತುಬಿಡುತ್ತದೆ. ಅಲ್ಲಿ ಮೊದಲೇ ಹಳ್ಳದ ಹಸಿ, ಮರದ ಬುಡದ ಹಸಿ. ಎರಡೂ ಸೇರಿ ಎಬ್ಬಿಸಿದ ಮಂಜು ಬೆಳಗಿನ ಎಂಟೂವರೆ ಒಂಬತ್ತರವರೆಗೆ ಕದಲುವುದಿಲ್ಲ. ಅಂಗಳದಲ್ಲಿ ನಿಂತರೆ ಕೆಳಗೆ ತೋಟ ಇದೆ ಎಂದು ತಿಳಿಯುವುದು ಸೋಗೆಯಿಂದ ಹನಿ ತೊಟ್ಟಿಕ್ಕುವ ಸದ್ದಿನಿಂದ ಮಾತ್ರ. ಡಿಸೆಂಬರ್, ಜನವರಿಯ ಬೆಳಗಿನ ಜಾವ 13-14 ಡಿಗ್ರಿಗೆ ಇಳಿದರೆ ನಮ್ಮಲ್ಲಿ ಅದು ದೊಡ್ಡ ಚಳಿ. ಅಂಕಿ ನೋಡಿದರೆ ದೊಡ್ಡದಲ್ಲ. ಆದರೆ ಗಾಳಿ ಆಡಲೆಂದೇ ಕಟ್ಟಿದ ಮನೆ, ಸಂದುಸಂದಿನಲ್ಲಿ ಬೆಳಕು ಬರುವ ಹೆಂಚಿನ ಮಾಡು. ಹೊರಗೆಷ್ಟು ಚಳಿಯೋ ಒಳಗೂ ಅಷ್ಟೇ. ಹಾಗಾಗಿ ಮನೆಮಂದಿಯೆಲ್ಲ ಬೆಂಕಿ ಇರುವಲ್ಲಿಗೆ ಬಂದು ಸೇರುತ್ತಾರೆ. ವರ್ಷದ ಉಳಿದ ದಿನ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಇರುವ ಮನೆ ಈ ಎರಡು ಮೂರು ತಿಂಗಳು ಬಚ್ಚಲ ಒಲೆಯ ಮುಂದಿನ ಅಷ್ಟು ಜಾಗದಲ್ಲಿ ಬದುಕುತ್ತದೆ. ಹಲ್ಲುಜ್ಜುವವರು ಅಲ್ಲಿ, ಶಾಲೆಗೆ ಹೊರಟ ಮಕ್ಕಳು ಅಲ್ಲಿ, ಕವಳದ ಬಟ್ಟಲು ಹಿಡಿದ ಮಾವ ಅಲ್ಲಿ, ಕೊಟ್ಟಿಗೆಯ ಬೆಕ್ಕೂ ಅಲ್ಲೇ.

ಚಳಿಗಾಲದ ಸುಖವನ್ನು ಬಿಡುವಿನ ಸುಖ ಎಂದು ಬರೆಯುವವರಿದ್ದಾರೆ. ನಮ್ಮ ಕಡೆ ಚಳಿಗಾಲಕ್ಕೂ ಬಿಡುವಿಗೂ ಸಂಬಂಧವೇ ಇಲ್ಲ. ಭತ್ತದ ಕೊಯ್ಲು, ಅಡಿಕೆ ಕೊಯ್ಲು, ಬೆಟ್ಟದಿಂದ ದರಕು ಎಂಬ ಒಣ ಎಲೆ ತರುವುದು, ಕಬ್ಬಿನ ಆಲೆಮನೆ, ಎಲ್ಲವೂ ಬಂದು ಬೀಳುವುದು ಇದೇ ತಿಂಗಳುಗಳಲ್ಲಿ. ಸುಖ ಇರುವುದು ಆ ಕೆಲಸಗಳ ಒಳಗೇ. ಅವುಗಳನ್ನು ಬಿಟ್ಟು ಬರಿಯ ಸುಖವನ್ನು ಬೇರೆಯಾಗಿ ಎತ್ತಿಡಲು ಬರುವುದಿಲ್ಲ ಎಂಬುದು ಇಷ್ಟು ಚಳಿಗಾಲ ಇಲ್ಲಿ ಕಳೆದ ಮೇಲೆ ನನಗೆ ಖಚಿತವಾಗಿದೆ.

ಅಡುಗೆಮನೆಯನ್ನೇ ನೋಡಿ. ಚಳಿ ಬಂತೆಂದರೆ ಅಲ್ಲಿ ಎಲ್ಲದಕ್ಕೂ ಮೈಮುರಿಯುವ ಸೋಮಾರಿತನ. ಹಾಲು ಹೆಪ್ಪಾಗುವುದಿಲ್ಲ, ದೋಸೆ ಹಿಟ್ಟು ಉಬ್ಬುವುದಿಲ್ಲ, ಬೆಣ್ಣೆ ಕೂಡುವುದಿಲ್ಲ, ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯುವುದಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಗಟ್ಟಿಯಾಗುವ ವಸ್ತು. ನಮ್ಮಲ್ಲಿ ನವೆಂಬರ್ ಕೊನೆಗೆ ಅದು ಬೆಳ್ಳಗೆ ಕಲ್ಲಾಗಿ ಕೂತಿರುತ್ತದೆ. ಜಡೆ ಹಾಕಿಸಿಕೊಳ್ಳಬೇಕಾದ ಹುಡುಗಿಯರು ಬಾಟಲಿ ಹಿಡಿದು ಮೊದಲು ಒಲೆಯ ಕಟ್ಟೆಗೆ ಬರಬೇಕು. ಮೊಸರಿನದಂತೂ ದೊಡ್ಡ ಉಪಚಾರ. ಬೇಸಿಗೆಯಲ್ಲಿ ಉಗುರುಬೆಚ್ಚಗಿನ ಹಾಲಿಗೆ ಒಂದು ಹನಿ ಮಜ್ಜಿಗೆ ಬಿಟ್ಟರೂ ಸಾಕು. ಚಳಿಯಲ್ಲಿ ಹಾಲು ಅದಕ್ಕಿಂತ ತುಸು ಬಿಸಿಯಾಗಿಯೇ ಇರಬೇಕು, ಹೆಪ್ಪು ಹೆಚ್ಚು ಬೇಕು, ಪಾತ್ರೆಗೆ ಹಳೆಯ ಕಂಬಳಿ ತುಂಡು ಸುತ್ತಿ ಅಕ್ಕಿ ಡಬ್ಬದೊಳಗೆ ಕೂರಿಸಬೇಕು. ರಾತ್ರಿ ದೀಪ ಆರಿಸುವ ಮುಂಚೆ ಅತ್ತೆಯ ಕೊನೆಯ ಪ್ರಶ್ನೆ ದಿನವೂ ಅದೇ: "ಹೆಪ್ಪು ಹಾಕಿದ್ಯನೇ ಕೂಸೇ?" ಹಾಕಿದ್ದಿ ಎಂದರೆ ಅಲ್ಲಿಗೆ ಮುಗಿಯದು. "ಹಾಲು ಬೆಚ್ಚಗೆ ಇದ್ದಿತ್ತ?" ಎಂಬ ಎರಡನೆಯದಕ್ಕೂ ಉತ್ತರ ಕೊಟ್ಟೇ ಮಲಗಬೇಕು. ದೋಸೆ ಹಿಟ್ಟಿನ ಪಾತ್ರೆಗೆ ಬಚ್ಚಲ ಒಲೆಯ ಕಟ್ಟೆಯೇ ಜಾಗ. ತೀರಾ ಹತ್ತಿರ ಇಟ್ಟರೆ ಒಂದು ಬದಿ ಬೆಂದುಹೋಗುತ್ತದೆ, ದೂರ ಇಟ್ಟರೆ ಬೆಳಿಗ್ಗೆಗೂ ಹಾಗೇ ಇರುತ್ತದೆ. ಎಲ್ಲಿಡಬೇಕೆಂದು ಅಂಗೈ ಹೇಳಬೇಕು.

ಬೆಣ್ಣೆ ತೆಗೆಯುವುದು ನನಗೆ ಇದೆಲ್ಲದರಲ್ಲಿ ಹೆಚ್ಚು ಇಷ್ಟ. ಬೇಸಿಗೆಯಲ್ಲಿ ಕಡೆಯುವಾಗ ತಣ್ಣೀರು ಹಾಕುತ್ತೇವೆ, ಇಲ್ಲದಿದ್ದರೆ ಬೆಣ್ಣೆ ಕರಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಚಳಿಗಾಲದಲ್ಲಿ ಇದರ ತಿರುವುಮುರುವು. ಜಿಡ್ಡು ಗಟ್ಟಿಯಾಗಿ ಕಾಳುಕಾಳಾಗಿ ತೇಲುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಎಷ್ಟು ಕಡೆದರೂ ಕೈ ಸೋಲುವುದೇ ಹೊರತು ಬೆಣ್ಣೆ ಬಾರದು. ಆಗ ಒಂದು ಲೋಟ ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಕಡಗೋಲಿನ ಸದ್ದು ಬದಲಾಗುತ್ತದೆ. ಕೈಗೆ ಒಂದು ಭಾರ ತಿಳಿಯುತ್ತದೆ, ನೋಡಿದರೆ ಬೆಣ್ಣೆ ಕೂಡಿ ಬಂದಿರುತ್ತದೆ. ಉಂಡೆ ಕಟ್ಟಿದ ಮೇಲೆ ಬೆರಳಲ್ಲಿ ಉಳಿದದ್ದು ಮಕ್ಕಳ ಒಡೆದ ತುಟಿಗೆ.

ಒಡೆದ ಹಿಮ್ಮಡಿಗೆ ಬೆಣ್ಣೆ ಸಾಲದು, ಅದಕ್ಕೆ ಮುರುಗಲು ತುಪ್ಪ. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆ ಒಣಗಿಸಿ, ಉಳಿದ ಬೀಜ ಜಜ್ಜಿ ನೀರಿನಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ತೆಗೆದು ಇಟ್ಟಿರುತ್ತೇವೆ. ಅದು ಮೈಬಿಸಿಗಿಂತ ತುಸು ಹೆಚ್ಚು ಕಾವಿಗೇ ಕರಗುವುದರಿಂದ ಬರಿಗೈಯಲ್ಲಿ ತಿಕ್ಕಿದರೆ ಮೇಣ ಹಚ್ಚಿದ ಹಾಗೆ ಮೇಲೇ ಕೂರುತ್ತದೆ. ಕೆಂಡಕ್ಕೆ ಹಿಡಿದು ಕರಗಿಸಿ, ಬಿಸಿಬಿಸಿಯಾಗಿರುವಾಗಲೇ ಸೀಳಿನೊಳಗೆ ಇಳಿಸಬೇಕು. ಉರಿಗೆ ಒಮ್ಮೆ ಹಲ್ಲು ಕಚ್ಚಬೇಕಾಗುತ್ತದೆ. ಆಮೇಲೆ ಕಾಲನ್ನು ಒಲೆಯ ಮುಂದೆ ಚಾಚಿ ಕೂರುವ ಆ ಹತ್ತು ನಿಮಿಷ ಇದೆಯಲ್ಲ, ದಿನವಿಡೀ ಒದ್ದೆ ಅಂಗಳದಲ್ಲಿ ಓಡಾಡಿದ ಹೆಂಗಸಿಗೆ ಅದಕ್ಕಿಂತ ದೊಡ್ಡ ಸೌಖ್ಯ ಬೇಡ.

ಹೊರಗಿನ ಕೆಲಸಕ್ಕೆ ಸೂರ್ಯನ ಅಪ್ಪಣೆ ಬೇಕು. ಇಬ್ಬನಿಗೆ ನೆಂದ ಅಡಿಕೆ ಮರ ಜಾರುತ್ತದೆ, ಅಡಿಕೆ ಕೊನೆ ಕೊಯ್ಯುವ ಕೊನೆಗಾರ ಹತ್ತುವಂತಿಲ್ಲ. ಬೆಳಿಗ್ಗೆ ಬಂದವರು ಅಂಗಳದ ಮೂಲೆಯಲ್ಲಿ ಹೊಡತಲು ಬೆಂಕಿ ಹಾಕಿಕೊಂಡು, ಚಾ ಕುಡಿದು, ಕವಳ ಹಾಕಿ ಮರ ಒಣಗುವುದನ್ನು ಕಾಯುತ್ತಾರೆ. ಕೊನೆಕೊಯ್ಲಿನ ಎಲ್ಲ ಮಾತು ಆ ಹೊತ್ತಿನಲ್ಲಿ ಆಗುತ್ತದೆ: ಯಾವ ತೋಟದಲ್ಲಿ ಕೊಳೆರೋಗ ಎಷ್ಟು ತಿಂದಿತು, ಯಾರ ಮನೆಯ ಕಾಯಿ ಬಲಿತಿಲ್ಲ, ಈ ಸಲ ಯಾವ ಯಕ್ಷಗಾನ ಮೇಳದ ಆಟ ಊರಿಗೆ ಬರುತ್ತದೆ. ಮರವೇರಿದ ಮೇಲೆ ಕೊನೆಗಾರ ಪಕ್ಕದ ಮರವನ್ನು ದೋಟಿಯಲ್ಲಿ ಎಳೆದು ಹಿಡಿದು ಒಂದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತದೆ. ಈಗ ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದಿದೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ಊರು ನಮ್ಮದು, ಆ ದೋಟಿಯನ್ನು ನಾನು ಕೈಮುಗಿದು ಬರಮಾಡಿಕೊಳ್ಳುತ್ತೇನೆ. ಕೆಳಗೆ ಉದುರಿದ ಅಡಿಕೆ ಹೆಕ್ಕುವುದು ಹಿಂದಿನಿಂದಲೂ ಮಕ್ಕಳ, ಮುದುಕರ ಕೆಲಸ. ಬಗ್ಗಿದ ಬೆನ್ನು, ಒದ್ದೆ ದರಕಿನ ವಾಸನೆ, ಎಲೆಯಡಿಯಲ್ಲಿ ಸಿಕ್ಕ ಒಂದು ಕೆಂಪು ಗೋಟಡಿಕೆ. ಮಕ್ಕಳು ಅದನ್ನು ನಿಧಿ ಸಿಕ್ಕವರ ಸಂಭ್ರಮದಲ್ಲಿ ಕೂಗಿ ಹೇಳುತ್ತಾರೆ.

ಕೊಯ್ದದ್ದನ್ನು ಸುಲಿಯುವುದು ರಾತ್ರಿಯ ಪಾಲು. ಮಣೆಯ ತುದಿಗೆ ನೆಟ್ಟಗೆ ನಿಲ್ಲಿಸಿದ ಮೆಟ್ಟುಗತ್ತಿ, ಅದರ ಮುಂದೆ ಬುಟ್ಟಿ, ಹಿಂದೆ ಬೆಳೆಯುವ ಸಿಪ್ಪೆಯ ರಾಶಿ. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಬೇರೆ, ಅಡಿಕೆ ಬೇರೆ. ಪಳಗಿದ ಕೈಗೆ ಕಣ್ಣು ಬೇಡ. ಕಣ್ಣಿಗೂ ಬಾಯಿಗೂ ಬಿಡುವು ಇರುವುದರಿಂದಲೇ ಇರಬೇಕು, ಈ ಸೀಮೆಯ ಅರ್ಧ ಕಥೆ, ಒಗಟು, ಹಾಡು ಎಲ್ಲ ಸುಲಿಯುವ ಜಗಲಿಯಲ್ಲೇ ಕೈದಾಟಿಕೊಂಡು ಬಂದಿವೆ. ಮಗಳಿಗೆ ಗಂಡು ಗೊತ್ತಾದದ್ದು, ಭಾವ-ನೆಂಟರ ಮುನಿಸು ಮುರಿದದ್ದು, ಯಕ್ಷಗಾನದ ಪದವನ್ನು ಯಾರೋ ಶುರುಮಾಡಿ ಇನ್ಯಾರೋ ಮುಗಿಸಿದ್ದು, ಎಲ್ಲ ಅಲ್ಲಿ. ಮೂಲೆಯಲ್ಲಿ ಭದ್ರಾವತಿ ಆಕಾಶವಾಣಿ ತನ್ನಷ್ಟಕ್ಕೆ ಮಾತಾಡುತ್ತಿರುತ್ತಿತ್ತು. ಅಡಿಕೆಯ ಚೊಗರಿಗೆ ಬೆರಳುಗಳು ಕಪ್ಪಾಗುತ್ತವೆ, ಎಷ್ಟು ತಿಕ್ಕಿದರೂ ಸಂಕ್ರಾಂತಿಯವರೆಗೆ ಹೋಗುವುದಿಲ್ಲ. ಪೇಟೆಯ ಮದುವೆಗೆ ಹೋದಾಗ ಆ ಬೆರಳು ನೋಡಿಯೇ ಇವರು ತೋಟದ ಮನೆಯವರು ಎಂದು ಗುರುತು ಹಿಡಿಯುತ್ತಿದ್ದರು.

ಸುಲಿಯಲು ಬರುವ ಹೆಂಗಸರಿಗೆ ಅದು ಕೂಲಿ ಎಂಬುದನ್ನು ಮರೆಯಲಾರೆ. ಹಿಂದೆ ಕೊಳಗದ ಲೆಕ್ಕ, ಈಗ ಕಿಲೋದ ಲೆಕ್ಕ. ದಿನವೆಲ್ಲ ಗದ್ದೆ ಕೊಯ್ದು, ರಾತ್ರಿ ಇಲ್ಲಿ ಕೂತು, ಮಂಜಿನಲ್ಲಿ ಮನೆಗೆ ನಡೆದು ಹೋಗುತ್ತಿದ್ದವರ ಭುಜದ ನೋವನ್ನು ನಮ್ಮ ಹಾಡಿನ ನೆನಪಿನ ಅಡಿಯಲ್ಲಿ ಮುಚ್ಚಿಡುವುದು ಸರಿಯಲ್ಲ. ಸುಲಿಯುವ ಯಂತ್ರ ಬಂದದ್ದು ಒಳ್ಳೆಯದಾಯಿತು. ವಾರದ ಕೆಲಸವನ್ನು ಅದು ಒಂದು ಹಗಲಿನಲ್ಲಿ ಗಡಗಡನೆ ಮುಗಿಸುತ್ತದೆ. ಆದರೆ ಆ ಸದ್ದಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡಲಾರರು, ಜಗಲಿಯಲ್ಲಿ ರಾತ್ರಿ ಜನ ಸೇರುವುದಕ್ಕೆ ಕಾರಣವೇ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ನಾವೊಂದು ದಾರಿ ಮಾಡಿಕೊಂಡಿದ್ದೇವೆ. ಎಳೆಯ ಕಾಯಿಯನ್ನು ಯಂತ್ರ ಕೊಚ್ಚಿಹಾಕುತ್ತದೆ, ಆ ಒಂದು ಪಾಲನ್ನು ಯಂತ್ರಕ್ಕೆ ಕೊಡದೆ ಕೈಯಲ್ಲಿ ಸುಲಿಯುತ್ತೇವೆ. ಊಟ ಮುಗಿಸಿ ಅಕ್ಕಪಕ್ಕದವರು ಬರುತ್ತಾರೆ. ಹಾಲು, ಬೆಲ್ಲ ಹಾಕಿದ ಕೊತ್ತಂಬರಿ-ಜೀರಿಗೆ ಕಷಾಯ ಕುದಿಯುತ್ತದೆ. ಶಹರದಿಂದ ರಜೆಗೆ ಬಂದ ಮಕ್ಕಳಿಗೂ ಒಂದು ಮೆಟ್ಟುಗತ್ತಿ ಕೊಡುತ್ತೇವೆ. ಮೊದಲ ದಿನ ಅವರ ಕೈಯಲ್ಲಿ ಮೊಬೈಲ್, ಎರಡನೆಯ ದಿನ ಅಡಿಕೆ.

ಸುಲಿದದ್ದನ್ನು ಬೇಯಿಸಿ ಒಣಗಿಸುವುದು ಇನ್ನೊಂದು ಹಂತ. ಬೇಯಿಸಿದ ಕೆಂಪಡಿಕೆ ಒಳ್ಳೆಯ ಬಿಸಿಲಿಗೆ ವಾರದಲ್ಲಿ ಒಣಗುತ್ತದೆ. ಸಿಪ್ಪೆ ಸಹಿತ ಹಣ್ಣಡಿಕೆಯನ್ನು ಒಣಗಿಸಿ ಚಾಲಿ ಮಾಡುವುದಾದರೆ 40-45 ದಿನ. ಅಷ್ಟು ದಿನವೂ ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಬೇಕು, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಹರಡಬೇಕು. ನನಗೆ ಸಂಜೆಯ ಪಾಳಿ ಇಷ್ಟ. ಚಪ್ಪರದ ಮೇಲೆ ಹಗಲಿನ ಕಾವು ಇನ್ನೂ ಅಡಿಕೆಯಲ್ಲಿ ಉಳಿದಿರುತ್ತದೆ. ಒಟ್ಟುಮಾಡುವಾಗ ಎರಡೂ ಕೈಯನ್ನು ಮುಂಗೈವರೆಗೆ ಆ ರಾಶಿಯಲ್ಲಿ ಹುದುಗಿಸಿ ಸ್ವಲ್ಪ ಹೊತ್ತು ಹಾಗೇ ಕೂರುತ್ತೇನೆ. ಯಾರೂ ಅವಸರ ಮಾಡುವುದಿಲ್ಲ, ಎಲ್ಲರೂ ಮಾಡುವುದು ಅದನ್ನೇ.

ದರಕಿನ ಕೆಲಸ ಮಾತ್ರ ಬೆಳಗಿನದ್ದು. ಎಲೆ ಉದುರುವ ಈ ಕಾಲದಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗಿ ಒಣ ಎಲೆ ಗುಡಿಸಿ ತರುತ್ತೇವೆ. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು ಗೊಬ್ಬರವಾಗಿ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ಇಬ್ಬನಿಗೆ ಮೆತ್ತಗಾದಾಗ ಎಲೆ ಪುಡಿಯಾಗುವುದಿಲ್ಲ, ಬಲೆಯ ಕಲ್ಲಿಯಲ್ಲಿ ಒತ್ತಿ ತುಂಬಬಹುದು, ಬಿಸಿಲೇರಿದರೆ ಗಾಳಿಗೆ ಹಾರುತ್ತದೆ. ತಲೆಯ ಮೇಲೆ ಅಷ್ಟೆತ್ತರದ ಹೊರೆ ಹೊತ್ತು ಇಳಿಯುವಾಗ ತೂಕವೇ ತಿಳಿಯದು, ಒಳಗಿನ ಹಸಿ ಕಂಪು ಮುಖಕ್ಕೆ ಇಳಿಯುತ್ತಿರುತ್ತದೆ. ಆದರೆ ಈ ಸುಖಕ್ಕೆ ನಮ್ಮ ಜಿಲ್ಲೆಗಳಲ್ಲಿ ಒಂದು ಭಯದ ನೆರಳಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಬೇಸಿಗೆಯವರೆಗೇ ಕಾಡುವುದು. ಅದನ್ನು ಹರಡುವ ಉಣುಗು ಇರುವುದು ಇದೇ ತರಗೆಲೆಯ ನಡುವೆ. ಅರಳಗೋಡಿನ ಸುತ್ತ 2019ರಲ್ಲಿ ಜನ ಸತ್ತ ಆ ಚಳಿಗಾಲವನ್ನು ಸಾಗರದ ಕಡೆಯವರು ಯಾರೂ ಮರೆಯುವುದಿಲ್ಲ. ಎಲ್ಲಾದರೂ ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಆ ದಿಕ್ಕಿನ ಬೆಟ್ಟಕ್ಕೆ ಹೋಗುವಂತಿಲ್ಲ. ಹೋಗಲೇಬೇಕಾದಾಗ ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆ ಕೈಕಾಲಿಗೆ ಸವರಿ, ತುಂಬುತೋಳು ಹಾಕಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಬೇಕು. ಬಚ್ಚಲ ಹಂಡೆ ಆಗ ಬರಿಯ ಸುಖದ ಪಾತ್ರೆಯಲ್ಲ. ಬೆಟ್ಟದಿಂದ ಬಂದವರಿಗೆ ನೀರು ಕಾದಿದೆಯೇ ಎಂದು ನೋಡುವುದು ಈ ತಿಂಗಳುಗಳಲ್ಲಿ ನನ್ನ ಮೊದಲ ಜವಾಬ್ದಾರಿ.

ಸಣ್ಣಪುಟ್ಟವು ಎಷ್ಟೋ ಇವೆ. ಸಂಜೆ ಬೂದಿಯಲ್ಲಿ ಹೂತಿಟ್ಟ ಗೆಣಸು ಬೆಳಿಗ್ಗೆಗೆ ಬೆಂದಿರುತ್ತದೆ, ಕರಿ ಸಿಪ್ಪೆ ಬಿಡಿಸಿ ತುಪ್ಪ ಹಾಕಿದರೆ ತಿಂಡಿ ಆಯಿತು. ಧನುರ್ಮಾಸದಲ್ಲಿ ನಕ್ಷತ್ರ ಕಾಣುವ ಹೊತ್ತಿನಲ್ಲೇ ಮಾಡುವ ಮೆಣಸು ಹಾಕಿದ ಹುಗ್ಗಿ. ಬೆಟ್ಟದ ನೆಲ್ಲಿಕಾಯಿ ಬೇಯಿಸಿ, ಬೀಜ ತೆಗೆದು, ಉಪ್ಪು ಸೇರಿಸಿ ಜಜ್ಜಿ, ತಟ್ಟಿ ಒಣಗಿಸಿಟ್ಟರೆ ಇಡೀ ವರ್ಷದ ತಂಬುಳಿಗೆ ಚಿಂತೆಯಿಲ್ಲ. ಗದ್ದೆಬಯಲಿನಲ್ಲಿ ಕಂಬಳಿ ಹೊದ್ದು ಕೂತು ನೋಡುವ ಬಯಲಾಟ, ಬೆಳಗಿನ ಜಾವದ ಚಂಡೆಯ ಸದ್ದು ಮೈಯ ಚಳಿಯನ್ನು ಒದ್ದೋಡಿಸುವ ರೀತಿ.

ಆಲೆಮನೆಯ ಬಗ್ಗೆ ಇಷ್ಟರಲ್ಲಿ ಮುಗಿಸಲಾರೆ. ಹಿಂದೆ ಕೋಣ ಕಟ್ಟಿ ಗಾಣ ತಿರುಗಿಸುತ್ತಿದ್ದರು, ಈಗ ಎಂಜಿನ್. ಉಳಿದದ್ದು ಬದಲಾಗಿಲ್ಲ. ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು, ಕೆಳಗೆ ಕಬ್ಬಿನ ಒಣ ಸಿಪ್ಪೆಯದೇ ಉರಿ ಹಾಕುತ್ತಾರೆ. ಮೊದಲು ಕೊಳೆ ನೊರೆಯಾಗಿ ಏಳುತ್ತದೆ, ಅದನ್ನು ತೆಗೆಯುತ್ತಾ ಹೋಗಬೇಕು. ಆಮೇಲೆ ಬಣ್ಣ ತಿರುಗುತ್ತದೆ, ಗುಳ್ಳೆ ಚಿಕ್ಕದಿದ್ದದ್ದು ದೊಡ್ಡದಾಗುತ್ತದೆ, ಊರಿಗೆ ಊರೇ ಆ ವಾಸನೆ ಹಿಡಿದು ಎದ್ದು ಬರುತ್ತದೆ. ಅಚ್ಚು ಬೆಲ್ಲಕ್ಕೆ ಇನ್ನೂ ಕಾಯಿಸಬೇಕು. ನಮಗೆ ಬೇಕಾದದ್ದು ಜೋನಿ ಬೆಲ್ಲ. ಅದನ್ನು ಅದಕ್ಕಿಂತ ಮುಂಚೆ, ಸೌಟಿನಿಂದ ಎಳೆಯಾಗಿ ಇಳಿಯುವ ಹದಕ್ಕೆ ಇಳಿಸುತ್ತಾರೆ. ಒಂದೆರಡು ನಿಮಿಷ ತಡವಾದರೂ ಡಬ್ಬದಲ್ಲಿ ಹರಳುಗಟ್ಟುತ್ತದೆ, ಬೇಗ ಇಳಿಸಿದರೆ ಮಳೆಗಾಲಕ್ಕೆ ಹುಳಿ ಬರುತ್ತದೆ. ಹದ ನೋಡುವವರು ಊರಲ್ಲಿ ಒಬ್ಬರೋ ಇಬ್ಬರೋ, ಅವರು ಕೊಪ್ಪರಿಗೆ ಬಿಟ್ಟು ಊಟಕ್ಕೂ ಏಳುವುದಿಲ್ಲ. ಈ ವರ್ಷ ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳು ಅವರ ಬದಿಗೆ ನಿಂತು ಕಲಿಯುತ್ತಿದ್ದಾಳೆ. ಹಿಂದೆ ಹೆಂಗಸರಿಗೆ ಆ ಸೌಟು ಸಿಗುತ್ತಿರಲಿಲ್ಲ, ನನಗೆ ತುಂಬ ಸಂತೋಷವಾಗಿದೆ.

ಆಲೆಮನೆಗೆ ಬಂದವರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ದಾರಿಹೋಕನಿಗೂ ಒಂದು ಚೊಂಬು ಕಬ್ಬಿನ ಹಾಲು ಕೊಡಲೇಬೇಕು. ನೀವು ಜನವರಿ ಕೊನೆಗೆ ಸಿದ್ದಾಪುರದ ಕಡೆ ಬರುವುದಾದರೆ, ರಸ್ತೆಯ ಬದಿಯ ಕಬ್ಬಿನ ಗದ್ದೆಯಲ್ಲಿ ಹೊಗೆ ಕಂಡ ಕಡೆ ನಿಲ್ಲಿಸಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರೆ ಎಲ್ಲರಿಗೂ ಖುಷಿ, ಸಿಹಿ ಕುಡಿದ ಬಾಯಿಗೆ ಖಾರ ಬೇಕಲ್ಲ. ಕುಡಿದಾದ ಮೇಲೆ ಸುಮ್ಮನೆ ನಿಲ್ಲಬೇಡಿ. ಗಾಣಕ್ಕೆ ಕಬ್ಬು ಎತ್ತಿಕೊಡಲು, ಒಲೆಗೆ ಸಿಪ್ಪೆ ನೂಕಲು ಅಲ್ಲಿ ಯಾವಾಗಲೂ ಒಂದು ಕೈ ಕಡಿಮೆಯೇ ಇರುತ್ತದೆ. ಒಲೆಯ ಬಾಯಿಯ ಹತ್ತಿರದ ಕೆಲಸವನ್ನೇ ಕೇಳಿ ತೆಗೆದುಕೊಳ್ಳಿ, ಚಳಿಗೆ ಅದೇ ಒಳ್ಳೆಯದು.